ಎಣ್ಣೆಕಾಳಿನ ಒಳಗನ್ನು ಅಳೆಯುವ ಬಗೆ: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನ ತೋಟದ ಮನೆಗಳಲ್ಲಿ ತೇವಾಂಶದ ಲೆಕ್ಕ ಹೆಚ್ಚುಕಡಿಮೆ ಎಲ್ಲರಿಗೂ ಬಾಯಿಪಾಠ. ಕಾಫಿಯಾದರೆ ಶೇಕಡಾ ಹತ್ತು ಹನ್ನೊಂದಕ್ಕೆ ಇಳಿಯಬೇಕು, ಕರಿಮೆಣಸಾದರೆ ಹನ್ನೊಂದು ಹನ್ನೆರಡಿಗೆ ಬಂದರೆ ಸಾಕು. ಈ ಅಂಕಿಗಳನ್ನೇ ನಂಬಿಕೊಂಡು ಕೆಲವು ವರ್ಷಗಳ ಹಿಂದೆ ನಾನು ಪಿರಿಯಾಪಟ್ಟಣದ ಕಡೆಯಿಂದ ತಂದ ಎರಡು ಚೀಲ ಸುಲಿದ ಕಡಲೆಕಾಯಿ ಬೀಜವನ್ನು, ಹತ್ತರ ಆಸುಪಾಸಿನಲ್ಲಿದೆಯೆಂದು ಸಮಾಧಾನಪಟ್ಟು, ಅಟ್ಟಕ್ಕೆ ಏರಿಸಿದ್ದೆ. ಜುಲೈ ಆಗಸ್ಟ್ ಹೊತ್ತಿನ ಕಕ್ಕಡ ಮಾಸದ ಮಳೆ ಮುಗಿದು ಕೈಲ್ ಪೊಳ್ದ್ ಹಬ್ಬ ಹತ್ತಿರವಾದಾಗ ಚೀಲ ಬಿಚ್ಚಿದರೆ ಒಳಗೆ ಕೈಯಿಟ್ಟಲ್ಲಿ ಬೆಚ್ಚಗಿತ್ತು. ಬೀಜಗಳ ಮೂತಿಯ ಬಳಿ ಹಳದಿ ಮಿಶ್ರಿತ ಹಸಿರು ಪುಡಿ ಕೂತಿತ್ತು. ಬಾಯಿಗೆ ಹಾಕಿಕೊಂಡ ಒಂದು ಬೀಜ ನಾಲಿಗೆಯ ಹಿಂಬದಿಯನ್ನು ಕೆರೆಯುವಷ್ಟು ಕಮಟಾಗಿತ್ತು. ಮಾರಿದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಕಾಫಿಯ ಅಳತೆಗೋಲಿನಿಂದ ಎಣ್ಣೆಕಾಳನ್ನು ಅಳೆದದ್ದು ನನ್ನದೇ ತಪ್ಪು.

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ಅಡುಗೆಮನೆಯ ತಿಳಿವಳಿಕೆಯೇ ಈ ವಿಷಯದ ಬೀಗದಕೈ. ಕಾಳಿನಲ್ಲಿರುವ ನೀರು ಎಣ್ಣೆಯ ಭಾಗದಲ್ಲಿ ನಿಲ್ಲದೆ ಪ್ರೋಟೀನು, ಪಿಷ್ಟ, ನಾರು ಇರುವ ಉಳಿದ ಭಾಗದಲ್ಲಿ ಒತ್ತಿಕೊಂಡು ಕೂರುತ್ತದೆ. ಅರ್ಧದಷ್ಟು ಎಣ್ಣೆಯೇ ಇರುವ ಕಡಲೆಕಾಯಿಯಲ್ಲಿ ಶೇಕಡಾ 10 ತೇವವಿದೆಯೆಂದರೆ, ಎಣ್ಣೆಯಲ್ಲದ ಅರ್ಧದಲ್ಲಿ ಅದು ಶೇಕಡಾ 20 ಆಯಿತು. ಬೂಷ್ಟಿಗೆ ಅಷ್ಟು ಧಾರಾಳ ಸಾಕು. ಆದ್ದರಿಂದ ಎಣ್ಣೆಕಾಳಿನ ಯಾವ ಅಂಕಿಯನ್ನೇ ಓದುವಾಗಲೂ ಕಾಳನ್ನು ಮನಸ್ಸಿನಲ್ಲೇ ಎರಡು ಪಾಲು ಮಾಡಿ, ಎಣ್ಣೆ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಇಟ್ಟುಕೊಳ್ಳಬೇಕು. ಮುಂದಿನ ಹಂತಗಳೆಲ್ಲವೂ ಈ ಎರಡು ಪಾಲಿನ ಲೆಕ್ಕದ ಮೇಲೆಯೇ ನಿಂತಿವೆ.

ಮೊದಲ ಹಂತ: ಮಾದರಿ ತೆಗೆಯುವುದು

ಚೀಲದ ಬಾಯಿಂದ ಒಂದು ಹಿಡಿ ತೆಗೆದು ಇಡೀ ಚೀಲದ ಗುಣ ಹೇಳುವುದು ಸರಿಯಲ್ಲ. ಹಗುರವಾದ ಜೊಳ್ಳು ಮೇಲೆ ಬಂದಿರುತ್ತದೆ, ಮಣ್ಣು ಮತ್ತು ಚೂರು ತಳಕ್ಕೆ ಇಳಿದಿರುತ್ತದೆ. ಮೇಲೆ, ನಡುವೆ, ತಳ ಈ ಮೂರೂ ಕಡೆಯಿಂದ ತೆಗೆದದ್ದನ್ನು ಒಟ್ಟುಗೂಡಿಸಿ, ಮೊರದ ಮೇಲೆ ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಚೀಲಕ್ಕೆ ಮರಳಿಸಿ, ಉಳಿದದ್ದನ್ನು ಮತ್ತೆ ಬೆರೆಸಿ ನಾಲ್ಕು ಮಾಡಬೇಕು. ಕಾಲು ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು, ಏಕೆಂದರೆ ಜುಲೈ ತಿಂಗಳ ಮಡಿಕೇರಿಯಲ್ಲಿ ತೆರೆದಿಟ್ಟ ತಟ್ಟೆ ಒಂದು ರಾತ್ರಿಯಲ್ಲಿ ಗಾಳಿಯ ತೇವವನ್ನೇ ಹೀರಿ ನಿಮ್ಮ ಲೆಕ್ಕವನ್ನು ಕೆಡಿಸುತ್ತದೆ.

ಈ ಕಾಲು ಕಿಲೋವನ್ನು ಕೈಯಿಂದ ಆರಿಸಿ, ಒಳ್ಳೆಯ ಕಾಳು, ಒಡೆದ ಕಾಳು, ಮುರುಟಿದ ಕಾಳು, ಬಣ್ಣಗೆಟ್ಟ ಕಾಳು, ಕಸ ಎಂದು ಬೇರೆ ಬೇರೆ ತೂಗಿಡಿ. ಒಡೆದದ್ದನ್ನು ಬೇರೆ ತೂಗುವುದಕ್ಕೆ ಕಾರಣವಿದೆ. ಇಡೀ ಕಾಳಿನಲ್ಲಿ ಎಣ್ಣೆಯು ಸೂಕ್ಷ್ಮ ಹನಿಗಳಾಗಿ ತನ್ನ ಪೊರೆಯೊಳಗೆ ಭದ್ರವಾಗಿರುತ್ತದೆ. ಕಾಳು ಒಡೆದ ಕ್ಷಣದಿಂದ ಲೈಪೇಸ್ ಎಂಬ ಕಿಣ್ವಕ್ಕೂ ಗಾಳಿಯ ಆಮ್ಲಜನಕಕ್ಕೂ ಆ ಎಣ್ಣೆ ಸಿಗುತ್ತದೆ. ಕಮಟು ವಾಸನೆ ಮೊದಲು ಹುಟ್ಟುವುದು ಈ ಚೂರುಗಳಲ್ಲಿ.

ಎರಡನೆಯ ಹಂತ: ತೇವಾಂಶ

ಕಾಫಿಗೆಂದು ತಂದ ತೇವಾಂಶ ಮಾಪಕವನ್ನು ಇಲ್ಲಿ ಬಳಸಬೇಡಿ. ಅದು ಕಾಳಿನ ವಿದ್ಯುತ್ ಗುಣವನ್ನು ಅಳೆದು ಕಾಫಿಯ ಕೋಷ್ಟಕದ ಪ್ರಕಾರ ಅಂಕಿ ತೋರಿಸುವ ಯಂತ್ರ. ಕಡಲೆಕಾಯಿಗೋ ಎಳ್ಳಿಗೋ ಅದರಲ್ಲಿ ಪ್ರತ್ಯೇಕ ಆಯ್ಕೆ ಇಲ್ಲದಿದ್ದರೆ ಬರುವ ಅಂಕಿಗೆ ಅರ್ಥವಿಲ್ಲ. ಚಿನ್ನದಂಗಡಿಯವರು ಬಳಸುವಂಥ, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ ಮತ್ತು ಕೇಕ್ ಬೇಯಿಸುವ ವಿದ್ಯುತ್ ಒಲೆ ಇದ್ದರೆ ಸಾಕು.

ಕಡಲೆಕಾಯಿ ಅಥವಾ ಕೊಬ್ಬರಿಯಾದರೆ ಚಾಕುವಿನಿಂದ ಸಣ್ಣಗೆ ಹೆಚ್ಚಿಕೊಳ್ಳಿ. ಮಿಕ್ಸಿಗೆ ಹಾಕಿದರೆ ಬಿಸಿಯಾಗಿ ನೀರು ಹಾರುತ್ತದೆ, ಜೊತೆಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎಳ್ಳನ್ನೂ ಹುಚ್ಚೆಳ್ಳನ್ನೂ ಹಾಗೆಯೇ ಹಾಕಬಹುದು. ಅಗಲವಾದ ಸ್ಟೀಲ್ ಬಟ್ಟಲನ್ನು ತೂಗಿ, ಅದಕ್ಕೆ ಸರಿಯಾಗಿ 10.00 ಗ್ರಾಂ ಕಾಳು ಹಾಕಿ, 103ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಇಟ್ಟು, ಮುಚ್ಚಳ ಹಾಕಿ ತಣಿಸಿ, ಮತ್ತೆ ತೂಗಬೇಕು. ಇನ್ನೊಂದು ಗಂಟೆ ಇಟ್ಟ ಮೇಲೂ ತೂಕ ಇಳಿಯದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಮನೆಯ ಒಲೆಗಳ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ಉಷ್ಣತೆಗೂ ಅಂತರವಿರುವುದರಿಂದ ಒಂದು ಥರ್ಮಾಮೀಟರನ್ನು ಒಳಗಿಟ್ಟು ನೋಡುವುದು ಒಳ್ಳೆಯದು. ಹುಚ್ಚೆಳ್ಳು, ಅಗಸೆ ಇವುಗಳನ್ನು ಹೆಚ್ಚು ಹೊತ್ತು ಕಾಯಿಸಿದರೆ ಅವುಗಳ ಎಣ್ಣೆ ಆಮ್ಲಜನಕವನ್ನು ಹಿಡಿದುಕೊಂಡು ತೂಕ ಇಳಿಯುವ ಬದಲು ಏರತೊಡಗುತ್ತದೆ. ಅಂಥಲ್ಲಿ ಸಿಕ್ಕ ಅತಿ ಕಡಿಮೆ ತೂಕವನ್ನೇ ಹಿಡಿಯಿರಿ.

ಉದಾಹರಣೆಗೆ 10.00 ಗ್ರಾಂ ಕಡಲೆಕಾಯಿ ಒಣಗಿ 9.18 ಗ್ರಾಂ ಆದರೆ ತೇವಾಂಶ ಶೇಕಡಾ 8.2. ಇದು ಸಾಕೇ ಎಂದು ತಿಳಿಯಲು ಒಂದು ಸರಳ ಸೂತ್ರವಿದೆ: ನೂರರಿಂದ ಎಣ್ಣೆಯ ಶೇಕಡಾವಾರು ಕಳೆದು, ಉಳಿದದ್ದನ್ನು 0.14ರಿಂದ ಗುಣಿಸಿ; ಬಂದದ್ದೇ ತೇವಾಂಶದ ಮಿತಿ. ಕಡಲೆಕಾಯಿಯಲ್ಲಿ ಎಣ್ಣೆ ಸುಮಾರು 49, ಉಳಿದದ್ದು 51, ಗುಣಿಸಿದರೆ 7.1; ಅಂದರೆ 8.2 ಹೆಚ್ಚಾಯಿತು. ಸೋಯಾ ಅವರೆಯಲ್ಲಿ ಎಣ್ಣೆ 20 ಮಾತ್ರ, ಆದ್ದರಿಂದ ಅದು 11ರವರೆಗೂ ತಡೆಯುತ್ತದೆ. ಶೇಕಡಾ 65 ಎಣ್ಣೆಯಿರುವ ಕೊಬ್ಬರಿಗೆ 5ರ ಹತ್ತಿರ ಬರಬೇಕು; ವ್ಯಾಪಾರದಲ್ಲಿ 6 ಎನ್ನುತ್ತಾರೆ. ಎಳ್ಳಿಗೆ ಸೂತ್ರದ ಪ್ರಕಾರ 7 ಬಂದರೂ ನಮ್ಮ ಹವೆಗೆ 6 ಕ್ಷೇಮ. ಕುಶಾಲನಗರ, ಶಿರಂಗಾಲದ ಕಡೆಯ ಒಣ ಸೀಮೆಯವರು ಸೂತ್ರದ ಅಂಕಿಗೇ ನಿಲ್ಲಬಹುದು; ಭಾಗಮಂಡಲ, ಶಾಂತಳ್ಳಿಯ ಕಡೆಯವರು ಅದಕ್ಕಿಂತ ಶೇಕಡಾ ಒಂದರಷ್ಟು ಕೆಳಗಿಳಿಸಿ, ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ ತುಂಬುವುದು ಮೇಲು.

ಶೇಕಡಾ 8.2ರಲ್ಲಿರುವ ನೂರು ಕಿಲೋ ಬೀಜವನ್ನು 7ಕ್ಕೆ ತರಲು ಎಷ್ಟು ನೀರು ಹೋಗಬೇಕು? ನೂರನ್ನು 91.8ರಿಂದ ಗುಣಿಸಿ 93ರಿಂದ ಭಾಗಿಸಿದರೆ 98.7 ಕಿಲೋ. ಅಂದರೆ ಹೋಗಬೇಕಾದದ್ದು ಒಂದೂಕಾಲು ಕಿಲೋಗಿಂತ ತುಸು ಹೆಚ್ಚು ನೀರು, ಅಷ್ಟೇ. ನನ್ನ ಎರಡು ಚೀಲ ಹಾಳಾದದ್ದು ನಾಲ್ಕೈದು ಚೊಂಬು ನೀರಿನಿಂದ ಎಂದು ಈ ಲೆಕ್ಕ ಕಲಿತ ಮೇಲೆ ಗೊತ್ತಾಯಿತು. ಒಣಗಿಸುವಾಗ ಸುಲಿದ ಬೀಜವನ್ನು ಸುಡುಬಿಸಿಲಿನ ಸಿಮೆಂಟು ಕಣದಲ್ಲಿ ಹರಡಿದರೆ ಸಿಪ್ಪೆ ಕಳಚಿ ಬೇಳೆ ಒಡೆಯುತ್ತದೆ. ಸಾಧ್ಯವಾದಷ್ಟೂ ಕಾಯಿಯಾಗಿಯೇ ಒಣಗಿಸಿ ಕಾಯಿಯಾಗಿಯೇ ಇಡಬೇಕು. ಕೊಬ್ಬರಿಯನ್ನು ಒಲೆಯ ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿಸುವ ಪದ್ಧತಿ ಇದೆ. ತಿನ್ನುವ ಎಣ್ಣೆಗೆ ಅದು ಬೇಡ, ಹೊಗೆಯ ಡಾಂಬರಿನಂಶ ಎಣ್ಣೆಗೆ ಇಳಿಯುತ್ತದೆ.

ಮೂರನೆಯ ಹಂತ: ಎಣ್ಣೆ ಎಷ್ಟಿದೆ?

ಪ್ರಯೋಗಾಲಯದಲ್ಲಿ ಇದಕ್ಕೆ ಸಾಕ್ಸ್‌ಲೆಟ್ ಉಪಕರಣವನ್ನು ಬಳಸುತ್ತಾರೆ. ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಇದನ್ನು 1879ರಲ್ಲಿ ವಿವರಿಸಿದ. ಕುದಿಯುವ ದ್ರಾವಕದ ಆವಿ ಮೇಲೇರಿ, ತಣಿದು, ಪುಡಿ ಮಾಡಿದ ಕಾಳಿನ ಮೇಲೆ ಹನಿಯಾಗಿ ಬಿದ್ದು, ಎಣ್ಣೆಯನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಗಂಟೆಗಟ್ಟಲೆ ಇದೇ ಸುತ್ತು. ಆ ದ್ರಾವಕ ಹೆಕ್ಸೇನ್ ಅಥವಾ ಈಥರ್ ಆಗಿದ್ದು, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದು. ಮನೆಯಲ್ಲಿ ಇದನ್ನು ಮಾಡುವ ಯೋಚನೆಯನ್ನೇ ಬಿಡಬೇಕು.

ಮನೆಯವರಿಗೆ ಇರುವ ದಾರಿ ಗಾಣದ ಲೆಕ್ಕ. ಹತ್ತು ಕಿಲೋ ಎಳ್ಳನ್ನು ಗಾಣಕ್ಕೆ ಒಯ್ಯಿರಿ; ಬಂದ ಎಣ್ಣೆಯನ್ನೂ ಹಿಂಡಿಯನ್ನೂ ಅಲ್ಲಿಯೇ ತೂಗಿಸಿಕೊಳ್ಳಿ. ಎಣ್ಣೆಯನ್ನು ಲೀಟರಿನಲ್ಲಿ ಹೇಳುತ್ತಾರೋ ಕಿಲೋದಲ್ಲಿ ಹೇಳುತ್ತಾರೋ ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 0.92 ಕಿಲೋ ಮಾತ್ರ. "ನಾಲ್ಕೂವರೆ ಬಂತು" ಎಂಬ ಮಾತು ಲೀಟರಾದರೆ 4.1 ಕಿಲೋ. ಮರದ ಗಾಣದ ಹಿಂಡಿಯಲ್ಲಿ ಶೇಕಡಾ 10ರಿಂದ 14ರಷ್ಟು ಎಣ್ಣೆ ಉಳಿದಿರುತ್ತದೆ, ಎಕ್ಸ್‌ಪೆಲ್ಲರ್ ಯಂತ್ರದ ಹಿಂಡಿಯಲ್ಲಿ 6ರಿಂದ 8, ದ್ರಾವಕದಿಂದ ತೆಗೆದ ಹಿಂಡಿಯಲ್ಲಿ ಒಂದರ ಒಳಗೆ. ನಿಮಗೆ 4.1 ಕಿಲೋ ಎಣ್ಣೆ, 5.9 ಕಿಲೋ ಹಿಂಡಿ ಬಂದಿದ್ದರೆ, ಹಿಂಡಿಯಲ್ಲಿ ಶೇಕಡಾ 12ರ ಲೆಕ್ಕದಲ್ಲಿ 0.7 ಕಿಲೋ ಉಳಿದಿದೆ, ಒಟ್ಟು 4.8, ಅಂದರೆ ಶೇಕಡಾ 48. ಗಾಣಕ್ಕೆ ಹಾಕುವಾಗ ಒಂದಿಷ್ಟು ನೀರು ಚಿಮುಕಿಸುವುದು ಮೋಸವಲ್ಲ. ತೀರ ಒಣಗಿದ ಎಳ್ಳು ಎಣ್ಣೆ ಬಿಡಲು ಸತಾಯಿಸುತ್ತದೆ, ನೀರು ಸೇರಿದರೆ ಹನಿಗಳು ಒಂದುಗೂಡಿ ಹೊರಬರುತ್ತವೆ. ಆ ನೀರಿನ ತೂಕವನ್ನು ಮಾತ್ರ ಬರೆದಿಟ್ಟುಕೊಳ್ಳಿ, ಅದರ ಒಂದು ಪಾಲು ಹಿಂಡಿಯಲ್ಲಿ ಕೂತಿರುತ್ತದೆ.

ನಾಲ್ಕನೆಯ ಹಂತ: ವರದಿಯನ್ನು ಓದುವುದು

ಪ್ರೋಟೀನು, ಬೂದಿ (ಸುಟ್ಟ ಮೇಲೆ ಉಳಿಯುವ ಖನಿಜಾಂಶ), ನಾರು ಇವುಗಳಿಗೆ ಪ್ರಯೋಗಾಲಯವೇ ಗತಿ. ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆ, 1950ರಲ್ಲಿ ಆರಂಭವಾದದ್ದು. ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಬೆರೆಸಿ ಮಿಲ್ಟೋನ್ ಎಂಬ ಪೇಯವನ್ನು ರೂಪಿಸಿದವರು ಅವರೇ. ಅಂಥ ಕಡೆಯಿಂದ ಬಂದ ವರದಿಯಲ್ಲಿ ಮೊದಲು ನೋಡಬೇಕಾದದ್ದು ಅಂಕಿಯನ್ನಲ್ಲ, ಅದು ಇದ್ದ ಹಾಗೆಯೇ ಇರುವ ಕಾಳಿಗೋ ತೇವ ಕಳೆದ ಕಾಳಿಗೋ ಎಂಬುದನ್ನು. ಶೇಕಡಾ 6 ತೇವವಿರುವ ಎಳ್ಳಿನಲ್ಲಿ 48 ಎಣ್ಣೆ ಇದ್ದರೆ, ಒಣ ಲೆಕ್ಕದಲ್ಲಿ 48ನ್ನು 0.94ರಿಂದ ಭಾಗಿಸಿ 51 ಎಂದು ಬರೆಯುತ್ತಾರೆ. ಒಂದೇ ಎಳ್ಳು, ಎರಡು ಅಂಕಿ, ಎರಡೂ ನಿಜ. ಬೇರೆ ಬೇರೆ ಕಡೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಪ್ರೋಟೀನಿನ ಅಂಕಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯೋಹಾನ್ ಕೆಲ್ಡಾಲ್ 1883ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕಂಡುಹಿಡಿದ ವಿಧಾನ ಪ್ರೋಟೀನನ್ನು ಅಳೆಯುವುದಿಲ್ಲ, ಸಾರಜನಕವನ್ನು ಅಳೆಯುತ್ತದೆ. ಬಂದದ್ದನ್ನು ಒಂದು ಗುಣಕದಿಂದ ಗುಣಿಸಿ ಪ್ರೋಟೀನು ಎಂದು ಕರೆಯುತ್ತಾರೆ. ಸಾಮಾನ್ಯ ಗುಣಕ 6.25. ಆದರೆ ಕಡಲೆಕಾಯಿಗೆ 5.46, ಎಳ್ಳಿಗೂ ಸೂರ್ಯಕಾಂತಿಗೂ 5.30, ಸೋಯಾಕ್ಕೆ 5.71 ಹೆಚ್ಚು ಸರಿ ಎಂಬುದು ಹಳೆಯ ತಿಳಿವಳಿಕೆ. ಶೇಕಡಾ 4.7 ಸಾರಜನಕವಿರುವ ಕಡಲೆಕಾಯಿಗೆ ಒಂದು ಗುಣಕದಲ್ಲಿ 29.4, ಇನ್ನೊಂದರಲ್ಲಿ 25.7 ಬರುತ್ತದೆ. ಮಾರುವವರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಊಹಿಸುವುದು ಕಷ್ಟವಲ್ಲ.

ನೂರು ಗ್ರಾಂ ಹಸಿ ಕಡಲೆಕಾಯಿ ಬೀಜದಲ್ಲಿ ತೇವ 6.5, ಕೊಬ್ಬು 49.2, ಪ್ರೋಟೀನು 25.8, ಬೂದಿ 2.3 ಗ್ರಾಂ, ಕಳೆದು ಉಳಿದ 16 ಗ್ರಾಮನ್ನು ಶರ್ಕರಪಿಷ್ಟ ಎನ್ನುತ್ತಾರೆ, ಅದರಲ್ಲಿ ಎಂಟೂವರೆ ಗ್ರಾಂ ನಾರು. ಕೊಬ್ಬಿಗೆ 9, ಉಳಿದೆರಡಕ್ಕೆ 4 ಕ್ಯಾಲೊರಿಯಂತೆ ಕೂಡಿದರೆ 610 ಬರುತ್ತದೆ, ನಾರನ್ನು ಬಿಟ್ಟು ಕೂಡಿದರೆ 576; ಕೋಷ್ಟಕಗಳಲ್ಲಿ 567 ಎಂದು ಅಚ್ಚಾಗಿರುವುದು ಇನ್ನೂ ಸೂಕ್ಷ್ಮವಾದ ಗುಣಕಗಳಿಂದ.

ಎಳ್ಳಿನಲ್ಲಿ ಕೊಬ್ಬು 50, ಪ್ರೋಟೀನು 18ರ ಹತ್ತಿರ. ಅದರ ಕ್ಯಾಲ್ಸಿಯಂ ನೂರು ಗ್ರಾಮಿಗೆ 975 ಮಿಲಿಗ್ರಾಂ ಎಂಬ ಅಂಕಿ ಎಲ್ಲರ ಬಾಯಲ್ಲೂ ಓಡಾಡುತ್ತದೆ, ಆದರೆ ಅದು ಸಿಪ್ಪೆಯಿರುವ ಎಳ್ಳಿಗೆ ಸೇರಿದ್ದು. ಕ್ಯಾಲ್ಸಿಯಂನ ಬಹುಪಾಲು ಸಿಪ್ಪೆಯಲ್ಲಿ ಆಕ್ಸಲೇಟಿನೊಡನೆ ಕಟ್ಟಿಕೊಂಡಿರುವುದರಿಂದ, ತೊಳೆದು ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದು ತೀರ ಕಡಿಮೆ. ಸಿಪ್ಪೆಯ ಸಮೇತ ತಿಂದರೂ ದೇಹಕ್ಕೆ ದಕ್ಕುವುದು ಅದರಲ್ಲೊಂದು ಪಾಲು. ಎಳ್ಳಿನ ಪ್ರೋಟೀನಿನಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಚೆನ್ನಾಗಿದೆ, ಲೈಸಿನ್ ಎಂಬ ಇನ್ನೊಂದರ ಕೊರತೆಯಿದೆ. ಅಕ್ಕಿಯ ಕೊರತೆಯೂ ಲೈಸಿನ್ನಿನದೇ. ಹೀಗಾಗಿ ಅಕ್ಕಿ ರೊಟ್ಟಿಗೆ ಎಳ್ಳು ಪಜ್ಜಿ ಎಂಬ ಚಟ್ನಿ ಎಷ್ಟೇ ರುಚಿಯಾಗಿದ್ದರೂ ಲೈಸಿನ್ ವಿಷಯದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬದು. ಪಕ್ಕದಲ್ಲಿ ಒಂದಿಷ್ಟು ಕಾಳಿನ ಸಾರೋ ಮಾಂಸವೋ ಇರಬೇಕು. ನಮ್ಮ ಮನೆಗಳಲ್ಲಿ ಅದು ಹೇಗೂ ಇರುತ್ತದೆ.

ಸೂರ್ಯಕಾಂತಿಯ ತಿರುಳಿನಲ್ಲಿ ವಿಟಮಿನ್ ಇ ನೂರು ಗ್ರಾಮಿಗೆ 35 ಮಿಲಿಗ್ರಾಂ. ಈ ವಿಷಯದಲ್ಲಿ ಕಡಲೆಕಾಯಿ, ಎಳ್ಳು ಅದರ ಹತ್ತಿರಕ್ಕೂ ಬರುವುದಿಲ್ಲ. ಕಾಫಿ ಬೀಜದಲ್ಲಿ ಧಾರಾಳವಾಗಿರುವ ಕ್ಲೋರೊಜೆನಿಕ್ ಆಮ್ಲ ಸೂರ್ಯಕಾಂತಿಯಲ್ಲೂ ಇದೆ. ಅದರ ಪುಡಿ ಸೇರಿಸಿ ಅಡುಗೆ ಸೋಡಾ ಹಾಕಿದ ಹಿಟ್ಟು ಹಸಿರು ತಿರುಗಿದರೆ ಗಾಬರಿಯಾಗಬೇಡಿ. ಕ್ಷಾರದಲ್ಲಿ ಆ ಆಮ್ಲ ಪ್ರೋಟೀನಿನೊಡನೆ ಸೇರಿ ಕೊಡುವ ಬಣ್ಣ ಅದು.

ಐದನೆಯ ಹಂತ: ಎಣ್ಣೆಯ ಗುಣ

ಎಣ್ಣೆಯೆಂದರೆ ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಕಟ್ಟಿಕೊಂಡ ಕಣ. ಆಮ್ಲದ ಸರಪಳಿಯಲ್ಲಿ ಜೋಡಿ ಬಂಧವಿಲ್ಲದಿದ್ದರೆ ಅದು ಪರ್ಯಾಪ್ತ, ಇದ್ದರೆ ಅಪರ್ಯಾಪ್ತ. ತೆಂಗಿನೆಣ್ಣೆಯ ಅರ್ಧದಷ್ಟು ಲಾರಿಕ್ ಎಂಬ ಪರ್ಯಾಪ್ತ ಆಮ್ಲ. ಆದ್ದರಿಂದಲೇ 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುತ್ತದೆ, ಮಡಿಕೇರಿಯ ಬೆಳಗುಗಳಲ್ಲಿ ಬಾಟಲಿಯನ್ನು ಒಲೆಯ ಬಳಿ ಇಡಬೇಕಾಗುತ್ತದೆ. ಕಡಲೆಕಾಯಿಯಲ್ಲಿ ಒಂದು ಜೋಡಿ ಬಂಧದ ಒಲೀಕ್ ಆಮ್ಲದ ಪಾಲು ಸಾಮಾನ್ಯವಾಗಿ ಹೆಚ್ಚು. ಎಳ್ಳಿನಲ್ಲಿ ಒಲೀಕ್ ಮತ್ತು ಎರಡು ಬಂಧದ ಲಿನೊಲೀಕ್ ಬಹುತೇಕ ಸಮಸಮ, ತಲಾ ಶೇಕಡಾ 40ರ ಮೇಲೆ. ಸೂರ್ಯಕಾಂತಿ, ಹುಚ್ಚೆಳ್ಳುಗಳಲ್ಲಿ ಲಿನೊಲೀಕ್‌ನದೇ ಕಾರುಬಾರು. ಅಗಸೆಯಲ್ಲಿ ಮೂರು ಬಂಧದ ಲಿನೊಲೆನಿಕ್ ಅರ್ಧಕ್ಕಿಂತ ಹೆಚ್ಚು. ಲಿನೊಲೀಕ್ ಆಮ್ಲ ಒಲೀಕ್‌ಗಿಂತ ಹತ್ತು ಪಟ್ಟಿನಷ್ಟು ಬೇಗ ಆಮ್ಲಜನಕಕ್ಕೆ ತುತ್ತಾಗುತ್ತದೆ. ಹುಚ್ಚೆಳ್ಳೆಣ್ಣೆಯನ್ನು ಮಳೆಗಾಲವಿಡೀ ಇಡುವಷ್ಟು ತೆಗೆಸಬಾರದು, ಆಗಾಗ ಸ್ವಲ್ಪ ಸ್ವಲ್ಪ ತೆಗೆಸಬೇಕು. ಈ ಲೆಕ್ಕದಲ್ಲಿ ಎಳ್ಳೆಣ್ಣೆಯೂ ಬೇಗ ಕೆಡಬೇಕಿತ್ತು, ಆದರೆ ಕೆಡುವುದಿಲ್ಲ. ಅದರಲ್ಲಿರುವ ಸೆಸಮಿನ್, ಸೆಸಮೋಲಿನ್ ಎಂಬ ಪದಾರ್ಥಗಳು ಮತ್ತು ಎಳ್ಳು ಹುರಿದಾಗ ಸೆಸಮೋಲಿನ್‌ನಿಂದ ಹುಟ್ಟುವ ಸೆಸಮೋಲ್ ಅದನ್ನು ಕಾಯುತ್ತವೆ.

ಡಿಸೆಂಬರಿನ ಚಳಿಯಲ್ಲಿ ಕಡಲೆಕಾಯಿ ಎಣ್ಣೆ ಮಂಕಾದರೆ ಕಲಬೆರಕೆಯೆಂದು ಗಾಣದವರ ಮೇಲೆ ಹರಿಹಾಯಬೇಡಿ. ಅದರಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ ಉದ್ದ ಸರಪಳಿಯ ಪರ್ಯಾಪ್ತ ಆಮ್ಲಗಳು ಚಳಿಗೆ ಹೆಪ್ಪುಗಟ್ಟುತ್ತವೆ; ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ.

ಎಣ್ಣೆ ಒಳಗೊಳಗೇ ಕೆಟ್ಟಿದೆಯೇ ಎಂದು ತಿಳಿಯಲು, ಗ್ಲಿಸರಾಲಿನಿಂದ ಕಳಚಿಕೊಂಡ ಬಿಡಿ ಕೊಬ್ಬಿನಾಮ್ಲವನ್ನು ಅಳೆಯಬೇಕು. ಪಿಯುಸಿ ರಸಾಯನಶಾಸ್ತ್ರ ಓದುತ್ತಿರುವ ಮಕ್ಕಳಿದ್ದರೆ ಕಾಲೇಜಿನಲ್ಲಿ ಉಪನ್ಯಾಸಕರ ಎದುರಿನಲ್ಲೇ ಮಾಡಿಸಬಹುದು. 5 ಗ್ರಾಂ ಎಣ್ಣೆಗೆ, ಮೊದಲೇ ತಟಸ್ಥಗೊಳಿಸಿದ 50 ಮಿಲಿಲೀಟರ್ ಬೆಚ್ಚನೆಯ ಆಲ್ಕೊಹಾಲ್ ಸೇರಿಸಿ, ಎರಡು ಹನಿ ಫಿನಾಫ್ತಲೀನ್ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತಾ ಜೋರಾಗಿ ಕುಲುಕಬೇಕು. ತಿಳಿಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಅಲ್ಲಿಗೆ ಮುಗಿಯಿತು. ಬಿದ್ದ ಮಿಲಿಲೀಟರನ್ನು 0.564ರಿಂದ ಗುಣಿಸಿದರೆ ಒಲೀಕ್ ಲೆಕ್ಕದಲ್ಲಿ ಶೇಕಡಾವಾರು, 3.2 ಬಿದ್ದರೆ 1.8. ತೆಂಗಿನೆಣ್ಣೆಗೆ ಲಾರಿಕ್ ಲೆಕ್ಕ, ಗುಣಕ 0.4. ಹೊಸ ಕಾಳಿನ ಹೊಸ ಎಣ್ಣೆಯಲ್ಲಿ ಇದು ಒಂದರ ಆಸುಪಾಸಿನಲ್ಲಿರುತ್ತದೆ; ಮೂರು ನಾಲ್ಕಕ್ಕೆ ಏರಿದ್ದರೆ ಕಾಳು ಗಾಣಕ್ಕೆ ಹೋಗುವ ಮುಂಚೆಯೇ ನೆನೆದಿತ್ತೆಂದು ತಿಳಿಯಬಹುದು.

ಆರನೆಯ ಹಂತ: ವಿಷದ ಅನುಮಾನ, ಹಿಂಡಿಯ ಬಳಕೆ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿದ್ದ ಬ್ರೆಜಿಲ್ ದೇಶದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ತಿಳಿದು, ಅದರಲ್ಲಿ ಬೂಷ್ಟು ಬಿಟ್ಟಿದ್ದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ನನ್ನ ಅಟ್ಟದಲ್ಲಿ ಕಂಡ ಹಳದಿ ಹಸಿರಿನ ಪುಡಿ ಅದೇ ಜಾತಿಯ ಬೂಷ್ಟಿನ ಬಣ್ಣ. ಈ ವಿಷಕ್ಕೆ ವಾಸನೆಯಿಲ್ಲ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿ ಅಳೆಯುವ ದಾರಿಯೂ ಇಲ್ಲ. ಆದರೆ ಅದು ಎಲ್ಲ ಬೀಜಗಳಲ್ಲಿ ಹರಡಿಕೊಂಡಿರದೆ ಮುರುಟಿದ, ಬಣ್ಣಗೆಟ್ಟ ಕೆಲವೇ ಬೀಜಗಳಲ್ಲಿ ದಟ್ಟವಾಗಿರುವುದರಿಂದ, ಮೊದಲ ಹಂತದಲ್ಲಿ ಹೇಳಿದ ಆರಿಸುವ ಕೆಲಸವನ್ನು ಇಡೀ ಚೀಲಕ್ಕೆ ಮಾಡಿದರೆ ಬಹುಪಾಲು ಕಡಿಮೆಯಾಗುತ್ತದೆ. ಆರಿಸಿ ತೆಗೆದದ್ದನ್ನು ಕೋಳಿಗೂ ಹಾಕದೆ ಸುಡಬೇಕು.

ಗಾಣದಲ್ಲಿ ಈ ವಿಷ ಎಣ್ಣೆಗಿಂತ ಹಿಂಡಿಯಲ್ಲೇ ಹೆಚ್ಚು ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿಗೆ ಅದರ ಒಂದು ರೂಪ ಇಳಿದು ಬರುತ್ತದೆ. ಆದ್ದರಿಂದ ತಿನ್ನಲು ಬಾರದ ಬೀಜವನ್ನು "ಹಸುವಿಗಾದರೂ ಆಗಲಿ" ಎಂದು ಗಾಣಕ್ಕೆ ಹಾಕಿಸುವುದರಲ್ಲಿ ಯಾವ ಲಾಭವೂ ಇಲ್ಲ. ಹರಳಿನ ಹಿಂಡಿಯನ್ನಂತೂ ದನಗಳ ಹತ್ತಿರವೂ ಇಡಬಾರದು, ಅದರಲ್ಲಿ ರಿಸಿನ್ ಎಂಬ ವಿಷಪ್ರೋಟೀನು ಉಳಿದಿರುತ್ತದೆ, ಅದೇನಿದ್ದರೂ ಮಣ್ಣಿಗೆ.

ಕಾಚಂಪುಳಿ ಎಂಬ ನಮ್ಮ ಅಡುಗೆಯ ಕಪ್ಪು ಹುಳಿಗೆಂದು ಪಣಪುಳಿ ಹಣ್ಣು ಆಯುವವರು ಹಣ್ಣಿನ ರಸವನ್ನಷ್ಟೇ ಲೆಕ್ಕಕ್ಕಿಟ್ಟು ಬೀಜವನ್ನು ಎಸೆಯುತ್ತಾರೆ. ಉತ್ತರ ಕನ್ನಡದವರು ಇದೇ ಗಿಡವನ್ನು ಉಪ್ಪಾಗೆ ಎಂದು ಕರೆದು, ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ಉಪ್ಪಾಗೆ ತುಪ್ಪ ಮಾಡಿಕೊಳ್ಳುತ್ತಾರೆ. ಅದು ಕೋಣೆಯ ಉಷ್ಣತೆಯಲ್ಲೂ ಗಟ್ಟಿಯಾಗಿರುವ ಕೊಬ್ಬು. ಈ ಸಲ ಮಳೆಯ ನಡುವೆ ಹಣ್ಣು ಸಿಕ್ಕಿದರೆ ಎರಡು ಹಿಡಿ ಬೀಜವನ್ನು ಒಲೆಯ ಬೂದಿಯ ಬಿಸಿಗೆ ಒಣಗಿಸಿ, ಮೇಲೆ ಹೇಳಿದಂತೆ ಹತ್ತು ಗ್ರಾಂ ತೂಗಿ ತೇವ ನೋಡಿ, ಉಳಿದದ್ದನ್ನು ಕುಟ್ಟಿ ಕುದಿಸಿ, ತಣ್ಣಗಾದ ಮೇಲೆ ಪಾತ್ರೆಯ ಮೇಲೆ ಕಟ್ಟಿದ ಕೆನೆಯನ್ನು ಬಳಿದು ತೂಗಿ ನೋಡಬೇಕೆಂದಿದ್ದೇನೆ.